ಎರಡು ಸಲ ಕೂಡಿಸಿದ ಗಂಟೆ

ಕರ್ಟಿಸ್‌ನನ್ನು ಮೂರು ದಿನ ಕಾಡಿನೊಳಗೆ ನಡೆಸಿದರೆ ತಪ್ಪಿಸಿಕೊಂಡು ಓಡಲು ಅವನಿಗೆ ಜಾಗವಿರುವುದಿಲ್ಲ ಎಂಬುದು ಟ್ರೀನಾಳ ಲೆಕ್ಕಾಚಾರ. ಅತ್ತೆಗೆ ಮಾತ್ರ ಅವಳು ಬೇರೆಯೇ ಹೇಳಿದ್ದಳು: "ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ಥ್ಯಾಂಕ್ಸ್‌ಗಿವಿಂಗ್ ರಜೇಲಿ ನಾವಿಬ್ರೇ ಕರಾವಳಿ ದಾರೀಲಿ ನಡ್ಕೊಂಡು ಬರ್ತೀವಿ."

ಅತ್ತೆ ಜೂಡಿತ್ ಮೂವರು ಮೊಮ್ಮಕ್ಕಳ ಮೂಗು ಒರೆಸಿ ಒಬ್ಬೊಬ್ಬರನ್ನೇ ಒಳಗೆ ತಳ್ಳುತ್ತ, "ಹೋಗಿ ಹೋಗಿ. ಬರ್ತಾ ನಾಲ್ಕನೇದನ್ನ ತರಬೇಡಿ," ಅಂದಳು.

ವಿಷಯವೇ ಅದು. ರಜೆ ಮುಗಿದ ಮರುದಿನ, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಕರ್ಟಿಸ್‌ಗೆ ಗಂಡಸರ ಆಪರೇಷನ್ ನಿಗದಿಯಾಗಿತ್ತು. ತಾರೀಖು ಗೊತ್ತಾದದ್ದು ಇದು ಮೂರನೆಯ ಸಲ. ಮೊದಲ ಸಲ, ಸಾಲ್ಮನ್ ಮೀನು ಹಿಡಿಯುವ ಕಾಲ ಎಂದು ತಪ್ಪಿಸಿಕೊಂಡ. ಆ ತಪ್ಪಿಸಿಕೊಂಡದ್ದಕ್ಕೆ ಈಗ ಎರಡು ವರ್ಷ ತುಂಬಿದೆ; ವೆಸ್ಲಿ ಎಂದು ಹೆಸರಿಟ್ಟಿದ್ದಾರೆ. ಎರಡನೆಯ ಸಲ ಗಂಟಲು ನೋವು ಅಂದ. ಕತ್ತರಿ ಹಾಕುವುದು ಗಂಟಲಿಗಲ್ಲವಲ್ಲ ಎಂದು ಆಸ್ಪತ್ರೆಯ ನರ್ಸ್ ಕೂಡ ಫೋನಿನಲ್ಲಿ ನಕ್ಕಳು. ನಗು ಬಾರದಿದ್ದುದು ಟ್ರೀನಾಳೊಬ್ಬಳಿಗೆ. ವೆಸ್ಲಿಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳು ಅರ್ಧ ದಾರಿ ಹೋಗಿ ಬಂದಿದ್ದಳು. ಇನ್ನೊಂದು ಬಸಿರು ಆದರೆ ಜೀವಕ್ಕೇ ಕುತ್ತು ಬರಬಹುದು ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಂದಿನಿಂದ ಹಾಸಿಗೆಯಲ್ಲಿ ಗಂಡನ ಕೈ ತಾಗಿದರೆ ಅವಳಿಗೆ ಮೊದಲು ನೆನಪಾಗುತ್ತಿದ್ದುದು ಕ್ಯಾಲೆಂಡರ್.

ಪೋರ್ಟ್ ಆಲ್ಬರ್ನಿಯ ಮರದ ಮಿಲ್ಲಿನಲ್ಲಿ ದಿನವಿಡೀ ಆಳೆತ್ತರದ ಗರಗಸಕ್ಕೆ ಸೀಡರ್ ದಿಮ್ಮಿ ಉಣಿಸುವ ಗಂಡಸು ಅವನು. ಕಿರುಬೆರಳಷ್ಟುದ್ದದ ಬ್ಲೇಡಿಗೆ ಹೆದರುತ್ತಿದ್ದ.

ಮೊದಲ ರಾತ್ರಿಯೇ ಮಾತು ತೆಗೆದು, ಹೂಂ ಅನ್ನಿಸಿಬಿಡಬೇಕೆಂದು ಅವಳು ಅಂದುಕೊಂಡಿದ್ದಳು. ಆದರೆ ಮೊದಲ ದಿನ ಮಳೆ ಮೇಲಿನಿಂದ ಬಿತ್ತು, ಎರಡನೆಯ ದಿನ ಪಕ್ಕದಿಂದ ಬಂತು. ಬೇರುಗಳ ನಡುವೆ ಮೊಣಕಾಲುದ್ದ ಕೆಸರು. ಪಾಚಿ ಹೊದ್ದ ಮರಗಳು ಬಿದ್ದಲ್ಲೇ ಬಿದ್ದಿದ್ದು, ಅವನ್ನು ಹತ್ತಿ ಇಳಿಯುವುದರಲ್ಲಿ ಟ್ರೀನಾಳ ಪ್ಯಾಂಟಿನ ಹಿಂಭಾಗ ಹರಿದು ಗಾಳಿಯಾಡತೊಡಗಿತು. ಬಾಳೆಹಣ್ಣಿನಷ್ಟುದ್ದದ ಹಳದಿ ಸಿಂಬಳದ ಹುಳವೊಂದು ಅವಳ ಬೂಟಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಅವಳ ಕಾಲ್ಬೆರಳಿಗೆ ಸಿಕ್ಕಿತು. ಕರ್ಟಿಸ್ ಮೊದಲ ರಾತ್ರಿ ಕರಡಿಗಳ ಬಗ್ಗೆ ಎರಡು ಗಂಟೆ ಭಾಷಣ ಮಾಡಿದ. ಎರಡನೆಯ ರಾತ್ರಿ ಅವಳು "ಕರ್ಟಿಸ್, ಮಂಗಳವಾರ..." ಅನ್ನುವಷ್ಟರಲ್ಲಿ ಗೊರಕೆ ಶುರು. ಆ ಗೊರಕೆ ನಿಜದ್ದಲ್ಲವೆಂದು ಅವಳಿಗೆ ಗೊತ್ತಿತ್ತು. ನಿಜದ್ದು ಇಷ್ಟು ತಾಳಬದ್ಧವಾಗಿರುವುದಿಲ್ಲ.

ಸೋಮವಾರ, ಕೊನೆಯ ದಿನ. ದಾರಿ ಕಾಡು ಬಿಟ್ಟು ಕಡಲ ದಂಡೆಗಿಳಿದು, ಬಂಡೆಯ ಮೂತಿಯೊಂದನ್ನು ಬಳಸಿ ಹೋಗುತ್ತದೆ. ನೀರು ಇಳಿದಾಗ ಮಾತ್ರ ಅಲ್ಲಿ ಕಾಲಿಡಬಹುದು; ಇಳಿತದ ಗಳಿಗೆಯಾಗಿ ಎರಡು ಗಂಟೆಯೊಳಗೆ ಆಚೆ ಸೇರಿಕೊಳ್ಳಬೇಕು. ಮಿಲ್ಲಿನ ಕ್ಯಾಂಟೀನಿನಲ್ಲಿದ್ದ ಉಬ್ಬರವಿಳಿತದ ಪುಸ್ತಕ ನೋಡಿ ಕರ್ಟಿಸ್ ಒಂದು ಚೀಟಿಯಲ್ಲಿ ಗೀಚಿ ತಂದಿದ್ದ: ಸೋಮವಾರ, ಇಳಿತ 8:10.

ಬೇಸಿಗೆ ಬಂತೆಂದರೆ ಊರಿಗೆ ಊರೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡು, ನವೆಂಬರಿನ ತನಕ ಹಾಗೇ ಇರುತ್ತದೆ; ಇದಿನ್ನೂ ಅಕ್ಟೋಬರ್. ಆ ಪುಸ್ತಕ ಅಚ್ಚು ಹಾಕುವವರು ಮಾತ್ರ ಈ ಆಟಕ್ಕೆ ಸೇರುವುದಿಲ್ಲ. ಅವರ ಅಂಕಿಗೆ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಆ ದಂಡೆಯಲ್ಲಿ ಎಳೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಶಾಲೆಯ ಬಸ್ ಓಡಿಸುವ ಟ್ರೀನಾ ನಿಮಿಷ ತಪ್ಪಿದವಳಲ್ಲ. ಚೀಟಿ ನೋಡಿದವಳೇ, ಬಸ್ಸಿನಲ್ಲಿ ಮಾಡುವಂತೆ ಬಾಲ್‌ಪೆನ್ನಿನಿಂದ ಅಂಗೈ ಮೇಲೆ 9:10 ಎಂದು ಬರೆದುಕೊಂಡಳು. ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಎರಡನೆಯ ಕಾಫಿ ಕಾಯಿಸಿದಳು.

ಹತ್ತೂವರೆಗೆ ಅವರು ಬಂಡೆಯ ಮೂತಿಗೆ ಬಂದಾಗ ಮುಂದಿನ ಕೊರಕಲಿನಲ್ಲಿ ಸೊಂಟದುದ್ದ ನೀರು ನೊರೆಗಟ್ಟಿ ಸುತ್ತುತ್ತಿತ್ತು. ಹಿಂದಿರುಗಿ ನೋಡಿದರೆ, ಆಗ ತಾನೇ ದಾಟಿದ ಕೊರಕಲೂ ತುಂಬಿತ್ತು. ಮೇಲೆ ನೆಟ್ಟಗಿನ ಬಂಡೆ. ಅವರಿಗಾಗಿ ಉಳಿದದ್ದು ಮಂಚದಷ್ಟಗಲದ ಒಂದು ಕಲ್ಲಿನ ಅಟ್ಟ. ಅದರ ಮೇಲೆ ಹುಲ್ಲು ಬೆಳೆದಿತ್ತು. ನೀರು ಅಲ್ಲಿಯವರೆಗೆ ಏರುವುದಿಲ್ಲವೆಂಬುದಕ್ಕೆ ಅಷ್ಟೇ ಜಾಮೀನು. ಇಬ್ಬರೂ ಚೀಲ ಎಳೆದುಕೊಂಡು ಹತ್ತಿ ಕೂತರು.

"ಹತ್ತೂವರೆಗೆ ನೀರು ಇಲ್ಲಿಗೆ ಬರೋ ಹಾಗೇ ಇಲ್ಲ," ಅಂದಳು ಟ್ರೀನಾ.

"ನನಗ್ಯಾಕೆ ಹೇಳ್ತೀಯ? ಸಮುದ್ರಕ್ಕೆ ಹೇಳು."

"ಇಳಿತ ಒಂಬತ್ತೂ ಹತ್ತಕ್ಕೆ. ಹನ್ನೊಂದೂ ಹತ್ತರ ತನಕ ದಾರಿ ಇರಬೇಕು." ಅಂಗೈ ಚಾಚಿ ತೋರಿಸಿದಳು.

ಕರ್ಟಿಸ್ ಅಂಗೈಯನ್ನು ಜಾತಕ ನೋಡುವವನಂತೆ ಹಿಡಿದುಕೊಂಡ. "ಎಂಟೂ ಹತ್ತು ಅಂತ ಬರ್ಕೊಟ್ಟಿದ್ನಲ್ಲ?"

"ಅದಕ್ಕೆ ಒಂದು ಗಂಟೆ ಕೂಡಿಸಿದೆ."

"ಅಯ್ಯೋ ಮಾರಾಯ್ತಿ! ನಾನು ಕೂಡಿಸಿಯೇ ಬರ್ದಿದ್ದು! ಪುಸ್ತಕದಲ್ಲಿದ್ದಿದ್ದು ಏಳೂ ಹತ್ತು."

ಟ್ರೀನಾ ಅಂಗೈ ಹಿಂದಕ್ಕೆಳೆದುಕೊಂಡಳು. "ನೀನು... ಕೂಡಿಸಿದ್ಯಾ?"

"ಇನ್ಯಾರು, ಕರಡಿ ಬಂದು ಕೂಡಿಸ್ತಾ?"

"ಹೇಳೋದಲ್ವೇನೋ?"

"ಕೇಳೋದಲ್ವೇನೇ?"

"ನಿನ್ನ ಕೇಳಿದ್ರೆ ಏನುಂಟು? ಎಲ್ಲಾದಕ್ಕೂ ಹೂಂ. ಕಸ ಹಾಕಿದ್ಯಾ? ಹೂಂ. ಕಾರಿಗೆ ಎಣ್ಣೆ ಹಾಕಿದ್ಯಾ? ಹೂಂ. ಆಸ್ಪತ್ರೆಗೆ ಹೋಗ್ತೀಯಾ? ಹೂಂ. ಆಮೇಲೆ ನೋಡಿದ್ರೆ ವೆಸ್ಲಿ!"

ಎದುರಿನ ಬಂಡೆಯ ಮೇಲೆ ಮಲಗಿದ್ದ ಹತ್ತಾರು ಕಡಲಸಿಂಹಗಳು ಏಕಕಾಲಕ್ಕೆ ಬೊಗಳಿದವು. ಅವು ಯಾರ ಕಡೆ ಎಂದು ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟ್ರೀನಾಳಿಗೆ ಎರಡನೆಯ ಕಾಫಿ ನೆನಪಾಯಿತು. ಮರೆ ಎಂಬುದೇ ಇಲ್ಲ. ಕರ್ಟಿಸ್ ಬೆನ್ನು ತಿರುಗಿಸಿ, ಮಳೆಕೋಟನ್ನು ಪರದೆಯಂತೆ ಅಡ್ಡ ಹಿಡಿದು ನಿಂತ. "ನಾನಂತೂ ನೋಡ್ತಿಲ್ಲ. ಆ ಸಿಂಹಗಳಿಗೆ ನಾನು ಜವಾಬ್ದಾರನಲ್ಲ," ಅಂದ. ಅವಳಿಗೆ ನಗು ಬಂದು ಕೂತ ಕೆಲಸ ಅರ್ಧಕ್ಕೇ ನಿಂತುಹೋಯಿತು. ಕೋಪವೂ ಅಲ್ಲಿಗೇ ಸ್ವಲ್ಪ ಇಳಿಯಿತು. ಅಂಥ ಭಂಗಿಯಲ್ಲಿ ಕೂತು ಯಾರೂ ಬಹಳ ಹೊತ್ತು ಗಂಭೀರವಾಗಿರಲಾರರು.

ನಂತರ ಪಕ್ಕಕ್ಕೆ ಬಂದು ಕೂತವಳು, ಕಡಲನ್ನೇ ನೋಡುತ್ತ ಕೇಳಿದಳು. "ನಿಜ ಹೇಳು. ನಾಳೆ ಹೋಗಲ್ಲ, ಅಲ್ವಾ?"

ಗೊರಕೆ ಹೊಡೆಯಲು ಅವನಿಗೆ ಅಲ್ಲಿ ಜಾಗವಿರಲಿಲ್ಲ. "ಮಿಲ್ಲಲ್ಲಿ ಗಾರ್ತ್ ಇದಾನಲ್ಲ, ಅವನಿಗೆ ಊದಿಕೊಂಡು ಚಕ್ಕೋತದಷ್ಟು ಆಗಿತ್ತಂತೆ."

"ಗಾರ್ತ್ ಹಿಡಿದ ಮೀನು ಎಷ್ಟುದ್ದ ಇರುತ್ತೆ ಅಂತ ಹೇಳ್ತಾನೆ?"

"...ದೋಣಿಯಷ್ಟು."

"ಹಾಗಾದ್ರೆ ಅದು ನಿಂಬೆಹಣ್ಣು. ಬಿಡು."

ಅವನು ಬಿಡಲಿಲ್ಲ. "ಬರೀ ಹೆದರಿಕೆಯಲ್ಲ ಕಣೇ. ನೀನು ನಿನ್ನ ತಂಗಿಗೆ ಹೇಳಿದೆ, ಪಕ್ಕದ ಮನೆಯವಳಿಗೆ ಹೇಳಿದೆ, ನಮ್ಮಮ್ಮನಿಗೂ ಹೇಳಿದೆ. ಅಮ್ಮ ಊಟದ ಮೇಜಲ್ಲಿ ಸಾಸೇಜ್ ಕತ್ತರಿಸ್ತಾ ನನ್ನ ಮುಖ ನೋಡ್ತಾಳೆ! ತಾರೀಖು ನಿಂದು, ಡಾಕ್ಟ್ರು ನಿಂದು, ಆಸ್ಪತ್ರೆಯವರು ಫೋನ್ ಮಾಡೋದೂ ನಿನಗೇ. ನಿನ್ನ ಬಸ್ಸಿನ ಮಕ್ಕಳ ಹಾಗೆ ನನ್ನ ಎಣಿಸಿ, ಹತ್ತಿಸಿ, ಬೆಲ್ಟ್ ಹಾಕಿ ಕರ್ಕೊಂಡು ಹೋಗ್ತೀಯ. ದೇಹ ಮಾತ್ರ ನಂದು."

"ಸಾಯೋ ದೇಹ ನಂದಿತ್ತು ಕಣೋ. ವೆಸ್ಲಿ ಹುಟ್ಟಿದಾಗ ಅವರು ರಕ್ತದ ಚೀಲ ಹಿಡ್ಕೊಂಡು ಓಡ್ತಿದ್ರೆ, ನೀನು ಕಾಫಿ ತರೋಕೆ ಹೋಗಿದ್ದೆ."

"ಕಾಫಿಗಲ್ಲ," ಅಂದ ಕರ್ಟಿಸ್. ಅವನ ದನಿ ಸಣ್ಣದಾಗಿತ್ತು. "ಕಾರಲ್ಲಿ ಕೂತು ಅಳ್ತಿದ್ದೆ. ನಿಮ್ಮಮ್ಮ ಬಂದು ಕಿಟಕಿ ತಟ್ಟೋ ತನಕ. ಆವತ್ತಿಂದ ಆ ಆಸ್ಪತ್ರೆ ಬಾಗಿಲು ನೋಡಿದ್ರೆ ಕಾಲು ಬರಲ್ಲ."

ಟ್ರೀನಾ ತನ್ನ ಅಂಗೈ ನೋಡಿಕೊಂಡಳು. ಮಳೆಗೆ ಒಂಬತ್ತರ ಅಂಕಿ ಅರ್ಧ ಅಳಿಸಿತ್ತು. ಎರಡು ವರ್ಷ ಆ ಕಾಫಿಯ ಮೇಲಿನ ಸಿಟ್ಟನ್ನು ಅವಳು ಬೆಚ್ಚಗೆ ಇಟ್ಟುಕೊಂಡಿದ್ದಳು. ಈಗ ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ಹೋಗ್ತೀನಿ," ಅಂದ ಅವನು. "ಆದ್ರೆ ನೀನು ಕರ್ಕೊಂಡು ಹೋಗಬಾರದು. ಫೋನ್ ಮಾಡಿ ವಿಚಾರಿಸಬಾರದು. ಹೋದ್ಯಾ ಅಂತ ಕೇಳಲೂಬಾರದು. ನಾನೇ ಹೇಳ್ತೀನಿ."

"ಕೇಳಲೂ ಬಾರದಾ?"

"ನಾನು ಕೂಡಿಸಿದ್ರ ಮೇಲೆ ನೀನು ಕೂಡಿಸಿದ್ದಕ್ಕೇ ಇಲ್ಲಿ ಕೂತಿರೋದು ನಾವು."

ಹೊಡೆದಂತಾಯಿತು ಅವಳಿಗೆ. ಒಣ ಹಂದಿಮಾಂಸದ ಕೊನೆಯ ತುಂಡನ್ನು ಎರಡು ಮಾಡಿ, ದೊಡ್ಡದನ್ನು ಅವನಿಗೆ ಕೊಟ್ಟು, "ಆಯ್ತು," ಅಂದಳು. ಆ ಒಂದು ಪದ ಆಡುವುದಕ್ಕಿಂತ ಬೂಟಿನ ಹುಳ ನುಂಗುವುದು ಸುಲಭವಾಗಿತ್ತು.

ಸಂಜೆ ಆರೂವರೆಗೆ ಕೊರಕಲು ದಾರಿ ಬಿಟ್ಟಿತು. ಮೊಣಕಾಲುದ್ದದ ನೀರಿನಲ್ಲಿ ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು ದಾಟಿದರು. ದಂಡೆಯ ಆ ತುದಿಯಲ್ಲಿ, ಕಾಡಿನ ದಾರಿ ತೋರಿಸಲು ಮರಕ್ಕೆ ಕಟ್ಟಿದ್ದ, ಮೀನುಬಲೆಯ ಕಿತ್ತಳೆ ಬಣ್ಣದ ತೇಲುಗುಂಡು ಕಂಡಾಗ ಕರ್ಟಿಸ್ ಅದಕ್ಕೆ ಸಲಾಮು ಹೊಡೆದ. ಪೂರ್ತಿ ಕತ್ತಲಾದ ಮೇಲೆ ಕಾರಿನ ಬಳಿ ತಲುಪಿದರು.

ಕಾರು ರಸ್ತೆಗೆ ಬಿದ್ದದ್ದೇ ತಡ, ಟ್ರೀನಾಳ ಫೋನಿಗೆ ಜೀವ ಬಂತು. ಅತ್ತೆಯ ಒಂಬತ್ತು ಮೆಸೇಜು. ಅವುಗಳ ಕೆಳಗೆ ಆಸ್ಪತ್ರೆಯದು ಒಂದು: ನಾಳಿನ ಆಪರೇಷನ್‌ಗೆ ಬರುವುದಾದರೆ ಒಂದು ಒತ್ತಿ, ರದ್ದು ಮಾಡುವುದಾದರೆ ಎರಡು ಒತ್ತಿ.

ಅವಳ ಹೆಬ್ಬೆರಳು ತಾನಾಗಿಯೇ ಒಂದರ ಮೇಲೆ ಹೋಗಿ ನಿಂತಿತು. ಹನ್ನೊಂದು ವರ್ಷದ ಅಭ್ಯಾಸ. ಮರುಕ್ಷಣ, ಕೆಂಡ ಮುಟ್ಟಿದಂತೆ ಬೆರಳು ಕಿತ್ತುಕೊಂಡಳು.

"ನಿಲ್ಲಿಸು. ನಿನಗೆ ಮೆಸೇಜ್ ಬಂದಿದೆ," ಅಂದಳು. ಫೋನನ್ನು ಅವನ ತೊಡೆಯ ಮೇಲೆ ಹಾಕಿ ಕೆಳಗಿಳಿದು, ಕಾರಿಗೆ ಬೆನ್ನು ಮಾಡಿ, ಹರಿದ ಪ್ಯಾಂಟಿನೊಳಗೆ ಗಾಳಿಯಾಡಿಸಿಕೊಳ್ಳುತ್ತ ನಿಂತಳು. ಮರಗಳಿಂದ ನೀರು ತೊಟ್ಟಿಕ್ಕುವುದನ್ನು ಎಣಿಸಿದಳು. ಅರವತ್ತೆರಡಾಯಿತು. ಒಂದು ಅಂಕಿ ಒತ್ತಲು ಮನುಷ್ಯನಿಗೆ ಇಷ್ಟು ಹೊತ್ತು ಬೇಕೇ? ತಿರುಗಲಿಲ್ಲ. ಕುತ್ತಿಗೆ ನೋಯತೊಡಗಿತು.

"ಟ್ರೀನಾ!"

"ನಾನೇನೂ ಕೇಳಲಿಲ್ಲ!"

"ಒಂದು ಒತ್ತಿದ್ದಕ್ಕೆ ಇನ್ನೊಂದು ಮೆಸೇಜ್ ಬಂತು ಕಣೇ." ಕಿಟಕಿಯಿಂದ ತಲೆ ಹೊರಹಾಕಿದ್ದ ಕರ್ಟಿಸ್‌ನ ಮುಖ ಬಿಳುಚಿಕೊಂಡಿತ್ತು. "ಕೂದಲು ಬೋಳಿಸ್ಕೊಂಡು ಬರಬೇಕಂತೆ. ಅಲ್ಲಿ. ಮನೇಲೇ."

ಟ್ರೀನಾ ಒಂದು ಕೈ ಕಾರಿನ ಮೇಲೆ ಊರಿ, ನಗುವನ್ನು ಕೆನ್ನೆಯೊಳಗೆ ಕಚ್ಚಿಕೊಂಡಳು. "ಓಹೋ. ನಿನ್ನ ದೇಹ, ನಿನ್ನ ಬ್ಲೇಡು. ನಾನು ಮಧ್ಯ ಬರಲ್ಲಪ್ಪ."

"ನನ್ನ ಕೈ ನಡುಗುತ್ತೆ." ಅವನು ಫೋನನ್ನು ಅವಳ ಕಡೆ ಚಾಚಿದ. "ಆಸ್ಪತ್ರೆಗೆ ನಾನೊಬ್ನೇ ಹೋಗ್ತೀನಿ. ಇದೊಂದು ಮಾತ್ರ ನೀನು ಮಾಡಿಕೊಡ್ತೀಯಾ?"