ಉಳ್ಳಾಗಡ್ಡಿ ಹೂವಿನ ಮೇಲಿನ ಜೇನ್ನೊಣ

ಕೊಪ್ಪಳದಲ್ಲಿ ದೇವೇಂದ್ರಪ್ಪ ಫೋಟೊ ತೆಗೆಯುತ್ತಿದ್ದ. ಹೆಂಡತಿ ಅನ್ನಮ್ಮ ಅವನ್ನು ತಿದ್ದುತ್ತಿದ್ದಳು. ಫೋಟೊ ಮೂಡಿದ ಗಾಜಿನ ಪ್ಲೇಟಿನ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮರೆಸುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು ಅವಳ ಕೆಲಸ. ಊರಿನ ಅರ್ಧ ಮುಖಗಳು ಅವಳ ಕೈಯಲ್ಲಿ ಚೆಂದವಾಗಿದ್ದವು. ಒಂದರ ಫೋಟೊವನ್ನೂ ಅವಳು ತೆಗೆದಿರಲಿಲ್ಲ.

ಯುದ್ಧ ನಡೆದಿದ್ದ ನಲವತ್ತಮೂರನೇ ಇಸವಿಯ ಚಳಿಗಾಲ. ಓಣಿಯ ತುದಿಮನೆಯ ಜುಬೇದಾಬೀಯ ಮಗಳು ನಿಕಾಹ್ ಆಗಿ ಶುಕ್ರವಾರ ಹೈದರಾಬಾದಿಗೆ ಹೊರಡುವವಳಿದ್ದಳು. ತಾಯಿ ಅನ್ನಮ್ಮನನ್ನು ಕರೆಸಿ ಕೇಳಿದಳು: "ಮಗಳ ಕೂಡ ಒಂದು ಫೋಟೊ ಬೇಕವಾ. ಗೋಷಾದ ಮಂದಿ ನಾವು, ಗಂಡಸರ ಮುಂದ ಕುಂದ್ರಂಗಿಲ್ಲ. ನೀ ತೆಗಿತಿಯೇನು?"

ಅನ್ನಮ್ಮ ಮನೆಗೆ ಬಂದು ಹೇಳಿದಾಗ ದೇವೇಂದ್ರಪ್ಪ ನಕ್ಕ.

"ಮುಖ ತಿದ್ದೋದು ಬ್ಯಾರೆ, ಹಿಡಿಯೋದು ಬ್ಯಾರೆ. ಹಿತ್ತಲದಾಗ ಹೂವಿನ ಮ್ಯಾಲೆ ಜೇನ್ನೊಣ ಕುಂದರ್ತಾವಲ್ಲ, ಅದರಾಗ ಒಂದರ ಫೋಟೊ ತಗದು ತೋರಸು. ನಾನ ಕ್ಯಾಮೆರಾ ಹೊತ್ತು ಜುಬೇದಾಬೀ ಬಾಗಿಲತನಕ ಬರ್ತೀನಿ."

"ಮಾತು ತಪ್ಪಬಾರದು ಮತ್ತ."

"ಹಳೇ ಪ್ಲೇಟು ತಗೋ. ಹೊಸಾವು ಎಲ್ಲಿ ಸಿಗ್ತಾವ ಈಗ."

ಅವನು ಚೇಷ್ಟೆಗೆ ಆಡಿದ ಮಾತು. ಅವಳು ಹಾಗೆ ತೆಗೆದುಕೊಳ್ಳಲಿಲ್ಲ.

ಆ ಕ್ಯಾಮೆರಾಕ್ಕೆ ಒತ್ತುವ ಗುಂಡಿ ಇರಲಿಲ್ಲ. ಮಸೂರದ ಮುಚ್ಚಳ ತೆಗೆದು, ಮನಸ್ಸಿನಲ್ಲಿ 'ಒಂದು' ಎಂದು, ಮತ್ತೆ ಮುಚ್ಚಬೇಕು. ಹಿಂದಿನ ಮಬ್ಬುಗಾಜಿನಲ್ಲಿ ಹೂವನ್ನು ಸ್ಪಷ್ಟ ಮಾಡಿಕೊಂಡು ಪ್ಲೇಟು ಇಟ್ಟಮೇಲೆ ಒಳಗೆ ಏನೂ ಕಾಣುವುದಿಲ್ಲ. ಅನ್ನಮ್ಮ ಕ್ಯಾಮೆರಾದ ಪಕ್ಕ ನಿಂತು, ಬರಿಗಣ್ಣಿನಿಂದ ಕುಂಬಳದ ಹೂವನ್ನೇ ನೋಡುತ್ತ ಕಾದಳು. ನೊಣ ಬಂತು. ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

ಪ್ಲೇಟು ತೊಳೆದು ಪ್ರಿಂಟು ಹಾಕಿದರೆ ಹೂವು ಇದ್ದಿಲಿನಂತೆ ಕಪ್ಪು. ಕಪ್ಪಿನಲ್ಲಿ ನೊಣ ಎಲ್ಲಿದೆಯೋ ದೇವರೇ ಬಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅರಿಸಿನ ಹಚ್ಚಿಕೊಂಡು ಕೂತ ಮದುಮಕ್ಕಳ ಮುಖ ಫೋಟೊದಲ್ಲಿ ಕಪ್ಪಾಗುವುದನ್ನು ವರ್ಷಗಟ್ಟಲೆ ತಿದ್ದಿದವಳು ಹಳದಿ ಹೂವಿನ ಎದುರು ಕ್ಯಾಮೆರಾ ಇಟ್ಟಿದ್ದಳು.

ಬೇಲಿಯ ಪಕ್ಕ ಬೀಜಕ್ಕೆಂದು ಬಿಟ್ಟಿದ್ದ ಉಳ್ಳಾಗಡ್ಡಿ ಹೂಬಿಟ್ಟಿತ್ತು. ಕೊಳವೆಯಂಥ ದಂಟಿನ ತುದಿಯಲ್ಲಿ ಬಿಳಿ ಚೆಂಡು, ಅದರ ತುಂಬ ಜೇನ್ನೊಣ. ಈ ಸಲ ಹೂವು ಬೆಳ್ಳಗೆ ಬಂತು, ಆದರೆ ನೊಣ ಒಂದು ಗೀರಾಗಿತ್ತು. ಮತ್ತೊಂದು ಪ್ಲೇಟಿನಲ್ಲಿ ಗಾಳಿಗೆ ಹೂವೇ ಎರಡಾಗಿತ್ತು.

"ಪ್ರಿಂಟಿನ ಮ್ಯಾಲೆ ಶಾಯಿಲೆ ಒಂದು ನೊಣ ಬರದುಬಿಡು," ಎಂದ ದೇವೇಂದ್ರಪ್ಪ. "ನಿನ್ನ ಕೈಯಾಗ ಬರದದ್ದು ನನಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತಾಗ್ತೈತಲ್ಲ."

ಗುರುವಾರ ಉಳಿದದ್ದು ಒಂದೇ ಹಳೇ ಪ್ಲೇಟು. ಅನ್ನಮ್ಮ ಗಾಳಿ ಏಳುವ ಮೊದಲೇ ದಂಟಿಗೆ ಕೋಲು ಊರಿ ದಾರದಿಂದ ಕಟ್ಟಿದಳು. ಬೆಲ್ಲದ ನೀರು ಕಲಸಿ, ಕಡ್ಡಿಯಿಂದ ಒಂದು ಹನಿಯನ್ನು ಚೆಂಡಿನ ನೆತ್ತಿಯ ಮೇಲೆ ಇಟ್ಟಳು. ಬಿಸಿಲು ಏರಿತು. ಒಲೆಯ ಮೇಲಿನ ಬೇಳೆ ತಳ ಹಿಡಿದ ವಾಸನೆ ಬಂತು, ಅವಳು ಕದಲಲಿಲ್ಲ. ನೊಣಗಳು ಬಂದವು, ಓಡಾಡಿದವು, ಹೋದವು. ಕೊನೆಗೆ ಒಂದು ನೊಣ ಹನಿಯ ಹತ್ತಿರ ನಡೆದು ಬಂದು, ರೆಕ್ಕೆ ಮಡಚಿ, ನಾಲಿಗೆ ಚಾಚಿ ನಿಂತಿತು. ಅನ್ನಮ್ಮ ಮುಚ್ಚಳ ತೆಗೆದಳು. ಒಂದು. ಮುಚ್ಚಿದಳು. ನೊಣ ಇನ್ನೂ ಕುಡಿಯುತ್ತಲೇ ಇತ್ತು.

ಪ್ರಿಂಟನ್ನು ದೇವೇಂದ್ರಪ್ಪ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಹೊಟ್ಟೆಯ ಪಟ್ಟಿಗಳೂ ಹಿಂಗಾಲಿಗೆ ಅಂಟಿದ ಪರಾಗದ ಉಂಡೆಯೂ ಕಾಣುತ್ತಿದ್ದವು.

"ಪೆನ್ಸಿಲ್ ಆಡಿಸಿಲ್ಲ?"

"ಪ್ಲೇಟು ಅಲ್ಲೇ ಐತಿ. ನೋಡ್ರಿ."

ಅವನು ನೋಡಿದ. ಆಮೇಲೆ ಉಳಿಸಿಟ್ಟಿದ್ದ ಹೊಸ ಪ್ಲೇಟಿನ ಡಬ್ಬಿಯನ್ನು ಅವಳ ಮುಂದಿಟ್ಟ, ಕ್ಯಾಮೆರಾ ಹೆಗಲಿಗೇರಿಸಿದ.

ಜುಬೇದಾಬೀಯ ಬಾಗಿಲಲ್ಲಿ ಅದನ್ನಿಳಿಸಿ ಹೊರಗಿನ ಕಟ್ಟೆಯ ಮೇಲೆ ಕೂತ. ಒಳಗೆ ಜುಬೇದಾಬೀ ಅನ್ನಮ್ಮ ತಂದ ನೊಣದ ಫೋಟೊ ತಿರುಗಿಸಿ ಮುರುಗಿಸಿ ನೋಡಿದಳು.

"ಎಲ್ಲಾ ಛಲೋ ಐತಿ. ಒಂದು ಮೀಸಿ ಯಾಕ ಅಳಿಸಿದಂಗ ಐತಿ?"

"ನೊಣ ಅದನ್ನ ಅಲುಗಿಸಿತ್ರಿ ಬೀಬಿಯವರ. ಸುಮ್ಮನಿರು ಅಂದ್ರ ಅದು ಕೇಳಂಗಿಲ್ಲ. ನೀವಾದ್ರೂ ಕೇಳ್ರಿ."

ಮದುಮಗಳಿಗೆ ನಗು ಬಂತು. ಅವಳನ್ನು ಗದರಿಸಲು ಹೋದ ತಾಯಿಗೂ ಬಂತು. ಅನ್ನಮ್ಮ ಮುಚ್ಚಳದ ಮೇಲೆ ಕೈಯಿಟ್ಟು, ಇಬ್ಬರ ನಗುವೂ ಇಳಿದು ಮುಖದಲ್ಲಿ ಒಂದಿಷ್ಟು ಉಳಿಯುವವರೆಗೆ ಕಾದಳು. ಆಮೇಲೆ ತೆಗೆದಳು.