ಸೈರನ್ ಕೂಗಿದ ಮೇಲೆ

ಹೊಸಹಳ್ಳಿ ಹತ್ತಿರದ ಕಲ್ಲು ಕ್ವಾರಿಯಲ್ಲಿ ಗಾದಿಲಿಂಗ ಬ್ಲಾಸ್ಟರ್. ಪರೀಕ್ಷೆ ಪಾಸು ಮಾಡಿ ಸರ್ಕಾರದ ಸರ್ಟಿಫಿಕೇಟು ಪಡೆದವನು. ಅವನು ಬಂಡೆಗೆ ಮದ್ದು ತುಂಬಿ ಸೈರನ್ ಕೂಗಿಸಿದರೆ ಗುಡ್ಡದ ಕೆಳಗಿನ ಮನೆಯವರೆಲ್ಲ ಕೆಲಸ ಬಿಟ್ಟು ಹುಣಸೆಮರದಾಚೆ ಹೋಗಿ ಕೂರಬೇಕು. ಒಂದು ನರಪಿಳ್ಳೆ ಒಳಗುಳಿದಿದ್ದರೂ ಸಿಡಿಸುವಂತಿಲ್ಲ. ಸಿಡಿಸಿದರೆ ಸರ್ಟಿಫಿಕೇಟೂ ಹೋಯಿತು, ಅನ್ನವೂ ಹೋಯಿತು.

ಆ ಸೈರನ್ ಕೇಳಿದರೆ ಅವನ ಹೆಂಡತಿ ನಾಗರತ್ನಳ ಹೊಟ್ಟೆ ಉರಿಯುತ್ತಿತ್ತು. ಕೂಗಿದ ಕೂಡಲೇ ಗಾದಿಲಿಂಗ ಕೆಂಪು ಬಾವುಟ ಹಿಡಿದು ರೇಖಾಳ ಮನೆಗೆ ನಡೆಯುತ್ತಿದ್ದ. ರೇಖಾಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಒಬ್ಬಳೇ ಕೂತು ಬಟ್ಟೆ ಹೊಲಿಯುತ್ತಾಳೆ, ಯಾರಾದರೂ ಹೋಗಿ ಕರೆಯಲೇಬೇಕು. ಇದು ಊರಿಗೆಲ್ಲ ಗೊತ್ತು, ನಾಗರತ್ನಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ? ತನ್ನ ಮನೆ ಮುಂದೆಯೇ ಹಾದು ಹೋಗುವ ಗಂಡ ತಿರುಗಿ ಕೂಡ ನೋಡುವುದಿಲ್ಲವಲ್ಲ!

ಒಂದು ದಿನ ಸೈರನ್ ಕೂಗಿದರೂ ಅವಳು ಏಳಲಿಲ್ಲ. ತಲೆ ಬಾಚಿ, ಹೂ ಮುಡಿದು, ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂತಳು. ಬರಲಿ, ನನ್ನನ್ನೂ ಬಂದು ಕರೆಯಲಿ.

ಹುಣಸೆಮರದಡಿ ತಲೆ ಎಣಿಸಿದರೆ ಒಂದು ಕಡಿಮೆ. ಗಾದಿಲಿಂಗ ಓಡಿ ಬಂದು ಬಾಗಿಲು ದಬ್ಬಿದ.

"ಸೈರನ್ ಕೇಳಲಿಲ್ಲೇನ ನಿನಗ?"

"ನನಗೂ ಕಿವಿ ಕೇಳಂಗಿಲ್ರಿ," ಎಂದಳು ನಾಗರತ್ನ.

ಅವನು ನಗಲಿಲ್ಲ. ಮುಂಗೈ ಹಿಡಿದು ಎಳೆದ ರಭಸಕ್ಕೆ ಬಳೆ ಒಡೆದವು.

"ಮದ್ದು ತುಂಬೈತಿ. ಮ್ಯಾಲೆ ತಪಾಸಣೆಗೆ ಸಾಹೇಬ್ರು ಬಂದಾರ. ಸರ್ಟಿಫಿಕೇಟು ಕಿತ್ಗೊಂಡ್ರ ಏನು ಉಣ್ತಿ?"

"ಆಕಿನ್ನೂ ಹಿಂಗ ಕೈ ಹಿಡದು ಕರಕೊಂಡು ಹೋಗ್ತೀರೇನ?"

"ಆಕಿ ಕೈ ಯಾಕ ಹಿಡೀಲಿ? ಬಾಗಲದಾಗ ನಿಂತು ಬಾವುಟ ಬೀಸಿದ್ರ ಸಾಕು, ಮಿಷನ್ ಬಿಟ್ಟು ಎದ್ದು ಹೊಂಡ್ತಾಳ. ನಿನ್ನಂಗಲ್ಲ!"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಮರದಡಿ ಜಾಗ ಇದ್ದದ್ದು ರೇಖಾಳ ಪಕ್ಕದಲ್ಲೇ. ನಾಗರತ್ನ ಮುಖ ಊದಿಸಿಕೊಂಡು ಕೂತಳು. ಬಂಡೆ ಸಿಡಿದು ನೆಲ ಅದುರಿತು. ರೇಖಾ ಮಾತ್ರ ಅತ್ತ ನೋಡದೆ ನಾಗರತ್ನಳ ಮುಂಗೈ ಮೇಲಿನ ಬೆರಳ ಗುರುತು ನೋಡುತ್ತಿದ್ದಳು. ಗಾದಿಲಿಂಗನ ಕಡೆ ತೋರಿಸಿ, ಎರಡು ಬೆರಳನ್ನು ಓಡುವ ಕಾಲಿನಂತೆ ಆಡಿಸಿದಳು: ನಿನಗಾಗಿ ಓಡಿ ಬಂದನಾ?

ನಾಗರತ್ನ ಹೌದೆಂದು ತಲೆಯಾಡಿಸಿದಳು. ರೇಖಾ ತನ್ನ ಮುಂಗೈಯನ್ನೊಮ್ಮೆ ನೋಡಿಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಆ ಮುಖದಲ್ಲಿದ್ದದ್ದು ತನ್ನಂಥದೇ ಹೊಟ್ಟೆಕಿಚ್ಚು, ಅವನು ತನ್ನ ಕೈಯನ್ನೂ ಒಮ್ಮೆ ಹಿಡಿಯಲಿ ಎಂಬ ಆಸೆ ಎಂದು ನಾಗರತ್ನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಷ್ಟು ದಿನ ಸುಮ್ಮನೆ ಉರಿದಿದ್ದಳು. ಈಗ ಕಾರಣವೂ ಸಿಕ್ಕಿತು. ಆದರೆ ಉರಿಯಲು ಮನಸ್ಸೇ ಬರಲಿಲ್ಲ.

ಮುಂದಿನ ಸಲ ಸೈರನ್ ಕೂಗಿದಾಗ ಗಂಡನ ಕೈಯಿಂದ ಬಾವುಟ ಕಿತ್ತುಕೊಂಡು ತಾನೇ ಹೊರಟಳು. ಬಾಗಿಲಲ್ಲಿ ನಿಂತು ಬೀಸಲಿಲ್ಲ. ಒಳಗೆ ಹೋಗಿ ರೇಖಾಳ ಮುಂಗೈ ಹಿಡಿದಳು, ಮರ ಮುಟ್ಟುವವರೆಗೂ ಬಿಡಲಿಲ್ಲ.