ಕೆಂಪು ಚುಕ್ಕೆಯ ಕೋಲು

ಕೋಲು ಉರುಳಿತು. ಉರುಳಿತೇನು, ಕುಂಟಿತು. ಪೂಲ್ ಚೆಂಡಾಟದ ಮೇಜಿನ ಹಸಿರು ಬಟ್ಟೆಯ ಮೇಲೆ ಪ್ರತಿ ಸುತ್ತಿಗೊಮ್ಮೆ ನಡುವನ್ನು ತುಸು ಎತ್ತಿ, ಟಪ್ ಎಂದು ಇಳಿಸಿ, ಮತ್ತೆ ಎತ್ತಿ, ಮತ್ತೆ ಇಳಿಸಿ, ಎದುರಿನ ಅಂಚಿಗೆ ಹೋಗಿ ನಿಂತಿತು. ಕ್ಷೌರಿಕ ಇನ್ನೊಮ್ಮೆ ಉರುಳಿಸಿ ನೋಡಿದ. ಅದೇ ಟಪ್.

"ಇದು ಆಡೋ ಕೋಲಲ್ಲ ಕಣಯ್ಯಾ, ಬಾಳೆಹಣ್ಣು," ಎಂದ ಪೂಲ್ ಕೋಣೆಯ ಯಜಮಾನ. ಆಮೇಲೆ ಗೋಡೆಯ ಮೂಲೆಗೆ ಕೈ ತೋರಿಸಿದ. ಅಲ್ಲಿ ನಾಲ್ಕೈದು ಕೋಲುಗಳು ಧೂಳು ಹೊದ್ದು ಒರಗಿ ನಿಂತಿದ್ದವು. "ನಮ್ಮ ಅನಾಥಾಶ್ರಮದಲ್ಲಿ ಜಾಗ ಇದೆ, ಬಿಟ್ಟು ಹೋಗು. ಆ ಹುಲಿ ಚಿತ್ರದ್ದು ಪೋಸ್ಟ್‌ಮ್ಯಾನ್‌ದು. ಕೈ ಬೆವರಿದ್ರೆ ಸಾಕು, ಜೇನುತುಪ್ಪದ ಹಾಗೆ ಅಂಟುತ್ತೆ. ಅದರ ಪಕ್ಕದ್ದು ಬೇಕರಿಯವನದು, ಒಲೆ ಹತ್ರ ನಿಲ್ಲಿಸಿ ತಾನೇ ಬೇಯಿಸಿಬಿಟ್ಟ. ಕೊನೇದು ನಂದು. ಫೋಟೋ ನೋಡಿ ತರಿಸಿದ್ದು. ಫೋಟೋ ಈಗ್ಲೂ ಚೆನ್ನಾಗಿದೆ."

"ಇದನ್ನ ಬಿಡೋ ಹಾಗಿಲ್ಲಪ್ಪ. ಮಾವ ಕೊಟ್ಟಿದ್ದು."

"ಹಾಗಾದ್ರೆ ಅಂಗಡಿಗೆ ತಗೊಂಡು ಹೋಗಿ ಬದಲಾಯಿಸು. ನಿನ್ನೆ ತಂದಿದ್ದು ತಾನೇ?"

ಕ್ಷೌರಿಕ ಕೋಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಮಾವ ಐವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಹಲಗೆಯ ತುದಿಯನ್ನು ಕೆನ್ನೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಉದ್ದಕ್ಕೂ ನೋಡಿ 'ಕೂದಲೆಳೆಯಷ್ಟು ಡೊಂಕಿದೆ' ಎಂದರೆ ಕೂದಲೆಳೆಯಷ್ಟೇ ಇರುತ್ತಿತ್ತು. ಎಂಟು ವರ್ಷದಿಂದ ಅಳಿಯ ಬಾಡಿಗೆ ಕೋಲಿನಲ್ಲೇ ಆಡುತ್ತಿರುವುದನ್ನು ಮಗಳ ಬಾಯಿಂದ ಕೇಳಿ, ಒಬ್ಬರೇ ಬಸ್ಸು ಹತ್ತಿ ಹೋಗಿ, ಅಂಗಡಿಯಲ್ಲಿದ್ದ ಕೋಲುಗಳನ್ನೆಲ್ಲ ಹೊರಗೆ ತೆಗೆಸಿ, ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ತಂದಿದ್ದರು. "ಸೂಜಿ ಇದ್ದ ಹಾಗಿದೆ ಅಳಿಯಂದ್ರೇ," ಎಂದು ಎರಡು ಕೈಯಲ್ಲೂ ಹಿಡಿದು ಕೊಟ್ಟಿದ್ದರು.

ದಿನವೂ ಬೆಳಿಗ್ಗೆ ಮಾವನ ಗಡ್ಡ ಮಾಡುವವನು ಅವನೇ. ನೊರೆ ಹಚ್ಚಿದ ಆ ಮುಖ ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿರುತ್ತಿತ್ತು. ಕಣ್ಣಿನಲ್ಲಿ ಬೆಳ್ಳಗೆ ಏನೋ ಕಟ್ಟುತ್ತಿರುವುದನ್ನು ಅವನು ಎಂದೋ ಕಂಡಿದ್ದ. ಅವರು ಹಿತ್ತಿಲಲ್ಲಿ ಕೂತು ನೆರೆಮನೆಯವರ ಮುರಿದ ಸ್ಟೂಲು, ಸಡಿಲ ಕಿಟಕಿ ಎಂದು ರಿಪೇರಿ ಮಾಡುತ್ತ ಗುನುಗುತ್ತಿರುತ್ತಿದ್ದರು. ಕೋಲು ಡೊಂಕು ಎಂದು ಹೇಳಿದ ದಿನ ಆ ಉಳಿ ಗರಗಸಗಳ ಪೆಟ್ಟಿಗೆಗೆ ಬೀಗ ಬೀಳುತ್ತದೆ, ಗುನುಗೂ ನಿಲ್ಲುತ್ತದೆ. ಅದನ್ನು ಹೇಳುವ ಬಾಯಿ ತನ್ನದಾಗುವುದು ಬೇಡ ಎನಿಸಿತ್ತು ಅವನಿಗೆ.

ಉಪಾಯ ಸಿಕ್ಕಿತು. ಡೊಂಕು ಮೇಲ್ಮುಖವಾಗಿದ್ದರೆ ಏಟು ಪಕ್ಕಕ್ಕೆ ಸರಿಯುವುದಿಲ್ಲ. ಕೋಲನ್ನು ಉರುಳಿಸಿ ಉರುಳಿಸಿ ಉಬ್ಬಿದ ಬದಿ ಹುಡುಕಿ, ಅಲ್ಲಿ ಹೆಂಡತಿಯ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟ. ಚುಕ್ಕೆ ಮೇಲೆ ಮಾಡಿಕೊಂಡು ಹೊಡೆದರಾಯಿತು.

"ರೀ, ನನಗೆ ಒಂದು ದಿನ ಹಚ್ಚಿದವರಲ್ಲ, ಕೋಲಿಗೆ ಶೃಂಗಾರ ಮಾಡ್ತಿದೀರಾ?" ಎಂದಳು ಹೆಂಡತಿ. ಅವನು ವಿಷಯ ಹೇಳಿದ. ಅವಳು ಹಿತ್ತಿಲ ಕಡೆ ಒಮ್ಮೆ ನೋಡಿದಳು. ಸೀಸೆಯನ್ನು ಅವನ ಕೈಯಿಂದ ತೆಗೆದುಕೊಂಡು ಚುಕ್ಕೆಯ ಮೇಲೆ ಇನ್ನೊಂದು ಪದರ ಹಚ್ಚಿದಳು.

ಮೂರು ತಿಂಗಳು ಹೀಗೇ ನಡೆಯಿತು. ಶನಿವಾರ ಮಧ್ಯಾಹ್ನ ಮಾವ ಆಟ ನೋಡಲು ಬರತೊಡಗಿದರು. ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಗೋಡೆಗೆ ಒರಗಿ ಕೂತು, ತಲೆ ಓರೆ ಮಾಡಿ, ಚೆಂಡಿಗೆ ಚೆಂಡು ತಾಗುವ ಸದ್ದಿಗೆ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಯಾರಾದರೂ ಪಕ್ಕಕ್ಕೆ ಬಂದರೆ, "ಕೋಲು ನಾನೇ ಆರಿಸಿದ್ದು," ಎನ್ನುತ್ತಿದ್ದರು.

ವರ್ಷದ ಪಂದ್ಯದಲ್ಲಿ ಅಳಿಯ ಕೊನೆಯ ಆಟದವರೆಗೂ ಬಂದ. ಎದುರಾಳಿ ಪೋಸ್ಟ್‌ಮ್ಯಾನ್. ಆಡಿ ಆಡಿ ಚುಕ್ಕೆ ಅರ್ಧ ಸವೆದಿತ್ತು. ಕೋಲಿನ ತುದಿಗೆ ಉಜ್ಜುವ ಸೀಮೆಸುಣ್ಣದ ಪುಡಿ ಬೇರೆ ಮೆತ್ತಿಕೊಂಡಿತ್ತು. ಪ್ರತಿ ಏಟಿಗೂ ಮೊದಲು ಕೋಲನ್ನು ತಿರುಗಿಸಿ ತಿರುಗಿಸಿ ಹುಡುಕಬೇಕಾಯಿತು.

"ಏನಯ್ಯಾ, ಆಗಿಂದ ಕಡಗೋಲು ತಿರುಗಿಸಿದ ಹಾಗೆ ತಿರುಗಿಸ್ತಿದೀಯ. ಮಜ್ಜಿಗೆ ಕಡೀತೀಯೋ, ಆಡ್ತೀಯೋ?" ಎಂದ ಪೋಸ್ಟ್‌ಮ್ಯಾನ್. ಎಲ್ಲರೂ ನಕ್ಕರು. ಮಾವ ನಗಲಿಲ್ಲ, ಅವರ ಬೆರಳು ತೊಡೆಯ ಮೇಲೆ ನಿಂತಿತು.

ಅವನಿಗೆ ಉಳಿದದ್ದು ಕಪ್ಪು ಚೆಂಡು ಒಂದೇ, ಬೀಳಿಸಿದರೆ ಗೆಲುವು. ಅದು ಮೇಜಿನ ಮೂಲೆಯ ತೂತಿನ ಬಾಯಲ್ಲೇ ಇತ್ತು. ಅವನು ಅವಸರಕ್ಕೆ ಚುಕ್ಕೆ ಇದ್ದಿರಬಹುದು ಎಂದುಕೊಂಡ ಬದಿಯನ್ನು ಮೇಲೆ ಮಾಡಿ ಹೊಡೆದ. ಬಿಳಿ ಚೆಂಡು ಕಪ್ಪನ್ನು ಸವರಿಕೊಂಡು ಪಕ್ಕಕ್ಕೆ ಹೋಯಿತು. ಪೋಸ್ಟ್‌ಮ್ಯಾನ್ ಎರಡೇ ಏಟಿಗೆ ಆಟ ಮುಗಿಸಿ, ಅವನ ಬೆನ್ನು ತಟ್ಟಿ, ಎಲ್ಲರನ್ನೂ ಚಹಾಕ್ಕೆ ಕರೆದುಕೊಂಡು ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಅದನ್ನ ಇಲ್ಲಿ ಕೊಡಿ," ಎಂದು ಮಾವ ಎದ್ದು ಬಂದರು. ಕೆನ್ನೆಗೆ ಒತ್ತಿ ನೋಡಲಿಲ್ಲ. ಕೋಲನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಮೆಲ್ಲಗೆ ನೂಕಿ, ಕಿವಿ ಬಗ್ಗಿಸಿದರು.

ಟಪ್. ಟಪ್. ಟಪ್.

ಅದು ನಿಂತ ಮೇಲೂ ಅವರು ಬಗ್ಗಿಯೇ ಇದ್ದರು. ಆಮೇಲೆ ಕೋಲಿನ ಉದ್ದಕ್ಕೂ ಹೆಬ್ಬೆರಳು ಎಳೆದರು. ಚುಕ್ಕೆಯ ಅಳಿದುಳಿದ ಬಣ್ಣದ ಮೇಲೆ ಬೆರಳು ನಿಂತಿತು.

"ಇದು ನನ್ನ ಮಗಳ ಉಗುರುಬಣ್ಣ ಅಲ್ವಾ?"

"ಹೌದು ಮಾವ."

"ಮೊದಲ ದಿನಾನೇ ಗೊತ್ತಾಗಿತ್ತಾ?"

"ಹೂಂ."

"ಮೂರು ತಿಂಗಳು ಈ ಡೊಂಕು ಕೋಲಲ್ಲಿ ಆಡಿ ಇಲ್ಲೀವರೆಗೆ ಬಂದ್ರಾ?" ಅವರ ಗಂಟಲಿನಿಂದ ನಗುವಿನಂಥದೇನೋ ಹೊರಟು ಅರ್ಧಕ್ಕೆ ನಿಂತಿತು. "ಅಳಿಯಂದ್ರೇ, ದಿನಾ ಬೆಳಿಗ್ಗೆ ನನ್ನ ಮುಖ ನೋಡೋರು ನೀವು. ಹೇಳಿ. ಕಣ್ಣು ಹೇಗಿದೆ?"

ಅವನು ಕೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಲು ಏನೂ ಉಳಿಯದ ಮೇಲೂ ಒರೆಸಿದ.

"ಎಡಗಣ್ಣಿಗೆ ಪೊರೆ ಬಂದಿದೆ ಮಾವ. ಪೂರ್ತಿ."

"ಬಲಗಣ್ಣು?"

"ಬಲಗಣ್ಣು ಪರವಾಗಿಲ್ಲ. ತಿಳಿಯಾಗೇ ಇದೆ."

ಮಾವ ಬಲಗೈಯನ್ನು ನಿಧಾನವಾಗಿ ಎತ್ತಿ, ಇಲ್ಲದ ಹಲಗೆಯೊಂದನ್ನು ಕೆನ್ನೆಗೆ ಒತ್ತಿಕೊಂಡವರಂತೆ ಹಿಡಿದರು. ಒಂದು ಕಣ್ಣು ತಾನಾಗಿ ಮುಚ್ಚಿತು. ಬಲಗಣ್ಣು.

"ನೋಡಿದ್ರಾ?" ಎಂದರು, ಹಾಗೇ ನಿಂತು. "ಐವತ್ತು ವರ್ಷದ ಅಭ್ಯಾಸ. ಒಳ್ಳೇ ಕಣ್ಣನ್ನ ಮುಚ್ಚಿಕೊಂಡು ಇಡೀ ಅಂಗಡಿ ಜಾಲಾಡಿಸಿದೀನಿ. ಅಂಗಡಿಯ ಹುಡುಗಿ ಪಾಪ, 'ತಾತ, ಉರುಳಿಸಿ ನೋಡಿ' ಅಂತ ಎರಡು ಸಲ ಹೇಳಿದಳು. ನನಗೇ ಹೇಳಿಕೊಡ್ತೀಯಾ ಅಂದೆ."

ಈ ಸಲ ನಗು ಅರ್ಧಕ್ಕೆ ನಿಲ್ಲಲಿಲ್ಲ. ಅಳಿಯನೂ ನಕ್ಕ, ನಗುತ್ತಲೇ ಮುಖ ಆಚೆ ತಿರುಗಿಸಿದ.

"ಮಂಗಳವಾರ ನಿಮ್ಮ ಅಂಗಡಿ ರಜೆ ತಾನೇ? ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಮಗಳಿಗೆ ನಾನೇ ಹೇಳ್ತೀನಿ."

"ಬೇರೆ ಕೋಲು ತರೋಣ ಮಾವ. ಇಬ್ಬರೂ ಹೋಗೋಣ, ಉರುಳಿಸಿ ನೋಡೋಣ."

"ತರೋಣ. ಅಲ್ಲೀತನಕ?" ಮಾವ ಜೇಬಿನಿಂದ ಮಡಿಚುವ ಚೂರಿ ತೆಗೆದರು. ಕೋಲನ್ನು ಮತ್ತೊಮ್ಮೆ ಉರುಳಿಸಿ, ಸದ್ದು ಕೇಳಿ, ತಡೆದು ಹಿಡಿದು, ಹೆಬ್ಬೆರಳಿನಿಂದ ಉಬ್ಬು ಹುಡುಕಿದರು. ಚುಕ್ಕೆ ಇದ್ದದ್ದು ಸರಿಯಾದ ಜಾಗದಿಂದ ಒಂದು ಅಕ್ಕಿಕಾಳಿನಷ್ಟು ಈಚೆಗೆ. ಕಣ್ಣು ಎತ್ತಲೋ ಇಟ್ಟುಕೊಂಡೇ ಅವರು ಬುಡದ ಕಡೆ, ಕೈ ಹಿಡಿಯುವಲ್ಲಿ, ಅದೇ ನೇರಕ್ಕೆ ಸಣ್ಣದೊಂದು ಕಚ್ಚು ಹಾಕಿದರು. ಉಗುರಿನಿಂದ ಕೆರೆದು ನಯ ಮಾಡಿ ಊದಿದರು.

"ಬಣ್ಣ ಆದ್ರೆ ಹುಡುಕಿ ನೋಡ್ಬೇಕು. ಇದಕ್ಕೆ ನೋಡೋ ಕೆಲಸ ಇಲ್ಲ. ಹಿಡೀರಿ."

ಕ್ಷೌರಿಕ ಕಪ್ಪು ಚೆಂಡನ್ನು ತೂತಿನ ಬಾಯಿಗಿಟ್ಟು, ಬಿಳಿ ಚೆಂಡನ್ನು ಮೊದಲಿದ್ದಲ್ಲಿಗೇ ತಂದ. ಬಗ್ಗಿ, ಗುರಿ ಹಿಡಿದು, ಕಣ್ಣು ಮುಚ್ಚಿದ. ಕೋಲು ಅಂಗೈಯಲ್ಲಿ ಒಂದು ಸುತ್ತು ತಿರುಗಿತು, ಹೆಬ್ಬೆರಳು ಕಚ್ಚಿನೊಳಗೆ ಕೂತಿತು. ಹೊಡೆದ.

ಮಾವ ತಲೆ ಓರೆ ಮಾಡಿ, ಚೆಂಡು ಮೇಜಿನ ಹೊಟ್ಟೆಯೊಳಗೆ ಉರುಳುತ್ತ ಹೋಗುವ ಸದ್ದನ್ನು, ಅದು ನಿಲ್ಲುವವರೆಗೂ ಕೇಳಿದರು.